ಬ್ರೇಕ್ ಒತ್ತಿದ್ರೆ ಇಂಜಿನ್ ಆಫ್ ಆಗ್ತಿದ್ದ ನಮ್ಮ ಕಾಂಟೆಸ್ಸಾ ಕಥೆ

ನಮ್ಮಪ್ಪನ ಕಾಲದ ಕಾಂಟೆಸ್ಸಾ ಕ್ಲಾಸಿಕ್, ಕಾರ್ಬುರೇಟರ್ ಪೆಟ್ರೋಲ್ ಗಾಡಿ. ಎರಡು ತಿಂಗಳಿಂದ ಒಂದೇ ಕಾಟ, ದಾವಣಗೆರೆ ಸಿಗ್ನಲ್‌ನಲ್ಲಿ ಬ್ರೇಕ್ ಒತ್ಕೊಂಡು ನಿಂತ್ರೆ ಸಾಕು, 800 ಆರ್‌ಪಿಎಂ ಆಸುಪಾಸು ಇರೋ ಐಡ್ಲಿಂಗ್ (ಗಾಡಿ ನಿಂತಾಗ ಇಂಜಿನ್ ತಿರುಗೋ ಸ್ಪೀಡು) ಧಡಧಡ ಅಂತ ಇಳಿದು ಇಂಜಿನ್ ಆಫ್, ಹಿಂದೆ ಆಟೋದವ್ರ ಹಾರ್ನ್ ಬೇರೆ.

ಮೊದ್ಲು ತೋರಿಸಿದ ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿ ಕಳಿಸಿದ. ಅದು ರಿಪೇರಿನೇ ಅಲ್ಲ ಬಿಡಿ, ಪೆಟ್ರೋಲ್ ಜಾಸ್ತಿ ಕುಡೀತು ಅಷ್ಟೇ.

ಅಮೆರಿಕದ ಕೆಲವು ಗಾಡಿಗಳಿಗೆ ಹಾಕೋ ಹೈಡ್ರೋಬೂಸ್ಟ್ ಅನ್ನೋ ಬ್ರೇಕ್ ಸಿಸ್ಟಮ್‌ನಲ್ಲಿ ಬ್ರೇಕಿಗೆ ಪ್ರೆಶರ್ ಕೊಡೋದು ಪವರ್ ಸ್ಟೀರಿಂಗ್ ಪಂಪು, ಅಲ್ಲಿ ಪಂಪಿನ ಲೋಡಿಗೆ ಐಡ್ಲಿಂಗ್ ಇಳಿಯತ್ತೆ. ನಮ್ದು ವ್ಯಾಕ್ಯೂಮ್ ಬೂಸ್ಟರ್, ಇಂಜಿನ್ ಗಾಳಿ ಎಳ್ಕೊಳೋ ಸೆಳೆತದಿಂದಲೇ ಬ್ರೇಕ್ ಪೆಡಲ್ ಹಗುರ ಮಾಡೋ ಡಬ್ಬಿ. ಅದ್ರಲ್ಲಿ ಲೀಕ್ ಆದ್ರೆ ಬೇಡದ ಗಾಳಿ ಇಂಜಿನ್‌ಗೆ ಸೇರಿ ಐಡ್ಲಿಂಗ್ ಬೀಳತ್ತೆ, ಹಾಗಾಗಿ ಗಾಳಿ ಲೀಕ್ ಹುಡುಕ್ಬೇಕು. ಒಂದಿನ ಮನೆ ಮುಂದೆ ಹ್ಯಾಂಡ್‌ಬ್ರೇಕ್ ಹಾಕಿ ಸುಮ್ನೆ ಬಗ್ಗಿ ಕಿವಿ ಕೊಟ್ಟೆ, ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಬುಡದಲ್ಲಿ ಸುಸ್ಸ್ ಅಂತ ಸದ್ದು. ಮ್ಯಾನಿಫೋಲ್ಡಿಂದ (ಇಂಜಿನ್ ಒಳಗೆ ಗಾಳಿ ಹೋಗೋ ಕೊಳವೆ) ಬೂಸ್ಟರಿಗೆ ಹೋಗೋ ಪೈಪಿಗೆ ಬಟ್ಟೆ ಸುತ್ತಿ ಇಕ್ಕಳದಲ್ಲಿ ಅದುಮಿ ಹಿಡಿದೆ, ತಮ್ಮ ಪೆಡಲ್ ಒತ್ತಿದ, ಪೆಡಲ್ ಕಲ್ಲಿನ ಥರ ಗಟ್ಟಿ ಆದ್ರೂ ಐಡ್ಲಿಂಗ್ ಅಲ್ಲಾಡ್ಲಿಲ್ಲ! ಬೂಸ್ಟರ್ ಒಳಗಿನ ರಬ್ಬರ್ ಡಯಾಫ್ರಮ್ (ಪರದೆ) ಹರಿದಿತ್ತು, ಬ್ರೇಕ್ ಒತ್ತಿದಾಗೆಲ್ಲ ಹೊರಗಿನ ಗಾಳಿ ಅದ್ರಲ್ಲಿ ನುಗ್ಗಿ ಇಂಜಿನ್‌ಗೆ ಹೋಗ್ತಿತ್ತು. (ಈ ಟೆಸ್ಟ್ ಗಾಡಿ ನಿಂತಾಗ ಮಾತ್ರ ಮಾಡಿ, ಪೈಪ್ ಅದುಮಿದ್ರೆ ಬ್ರೇಕ್ ಸರಿಯಾಗಿ ಹಿಡಿಯಲ್ಲ.)

ಬೆಂಗಳೂರು ಜೆಸಿ ರೋಡಿಂದ ಬೂಸ್ಟರ್ ತರಿಸಿ ಹಾಕಿಸ್ದೆ, ಜೊತೆಗೆ ಆ ಪೈಪಲ್ಲಿ ಗಾಳಿನ ಒಂದೇ ಕಡೆ ಬಿಡೋ ಒನ್‌ವೇ ವಾಲ್ವೂ ಹೊಸದು. ಏರಿಸಿದ್ದ ಸ್ಕ್ರೂ ವಾಪಸ್ ಇಳಿಸಿದ್ದೀನಿ. ಈಗ ಬ್ರೇಕ್ ಒತ್ತಿದಾಗ ಆರ್‌ಪಿಎಂ ಮುಳ್ಳು ಒಂಚೂರು ಅಲ್ಲಾಡಿ ನಿಲ್ಲತ್ತೆ, ಅಷ್ಟು ಇದ್ದದ್ದೇ.