ತಾಂಬೂಲದ ಚೀಲಕ್ಕೆ ದಪ್ಪಕ್ಷರ ಕೂರಿಸಿದ್ದು

ಬಟ್ಟೆ ಚೀಲದ ಮೇಲೆ ಸೆರಿಫ್ ಅಕ್ಷರ (ಗೆರೆಯ ತುದಿಗೆ ಪುಟ್ಟ ಪಾದ ಇರೋದು) ನಿಲ್ಲಲ್ಲ, ಸುಮ್ನೆ ಬೋಳು ಅಕ್ಷರ ಹಾಕು ಅಂತ ನಮ್ಮ ಬೀದಿಯ ಸ್ಕ್ರೀನ್ ಪ್ರಿಂಟಿಂಗಿನವರೆಲ್ಲ ಹೇಳಿದ್ದರು. ಈ ಮದುವೆ ಸೀಸನ್ನಿನಲ್ಲಿ 3,000ಕ್ಕೂ ಜಾಸ್ತಿ ಚೀಲ ಸೆರಿಫ್‌ನಲ್ಲೇ ಹೊಡೆದೆ. ವಾಪಸ್ ಬಂದದ್ದು ಹದಿನೈದೋ ಇಪ್ಪತ್ತೋ.

ಈ ಸೀಸನ್ನಿಗೂ ಮುಂಚೆ, ಮೊದಲು ಕೈ ಸುಟ್ಟುಕೊಂಡದ್ದು ಬೊಡೋನಿ ಅನ್ನುವ ಫಾಂಟಿನಲ್ಲಿ. ಕಂಪ್ಯೂಟರಿನಲ್ಲಿ ಏನು ಚಂದ! ದಪ್ಪಗೆರೆ ಕಂಬದ ಹಾಗೆ, ತೆಳುಗೆರೆ ಕೂದಲಿನ ಹಾಗೆ. ಬಟ್ಟೆಯ ನೇಯ್ಗೆ ಆ ಕೂದಲನ್ನು ನುಂಗಿಬಿಟ್ಟಿತು. ಹುಡುಗನ ಹೆಸರು ಇಂಗ್ಲಿಷಿನ ಎಚ್‌ನಿಂದ ಶುರು. ಅಡ್ಡಗೆರೆ ಮಾಯ, ಉಳಿದದ್ದು ಎರಡು ಕಂಬ. ಹುಡುಗಿಯ ಸೋದರಮಾವ ಚೀಲ ಎತ್ತಿ ಹಿಡಿದು, "ಇದೇನಪ್ಪಾ, ಹನ್ನೊಂದು ಅಂತ ಬರೆದಿದೀಯಾ?" ಅಂದರು. 200 ಚೀಲ. ಇಂಕು ಸೇರಿ ಹತ್ತಿರ ಹತ್ತಿರ 5,000 ರೂಪಾಯಿ. ನಮ್ಮ ಮನೆಯಲ್ಲಿ ತರಕಾರಿ ಈಗಲೂ ಅದರಲ್ಲೇ ಬರುತ್ತದೆ.

ಆಮೇಲೆ ಹಿಡಿದದ್ದು ಕ್ಲಾರೆಂಡನ್ ಜಾತಿ. 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿ ಅನ್ನುವ ಅಚ್ಚುಮೊಳೆ ಕಾರ್ಖಾನೆಯಲ್ಲಿ ರಾಬರ್ಟ್ ಬೆಸ್ಲಿ ಹೊರತಂದ ದಪ್ಪಕ್ಷರ. ಮಾಮೂಲಿ ಅಕ್ಷರದ ನಡುವೆ ಒಂದು ಪದ ಎದ್ದು ಕಾಣಲಿ ಅಂತ ಮಾಡಿದ್ದು. ಇದರ ಪಾದ ಗಟ್ಟಿ. ಕಂಬ ಪಾದಕ್ಕೆ ಬಾಗಿ ಸೇರುತ್ತದೆ, ಚೂಪು ಮೂಲೆ ಇಲ್ಲ. ಸ್ಕ್ರೀನಿನ ಮೇಲೆ ಅಕ್ಷರದ ಅಚ್ಚು ಕೂರಿಸುವ ಲೇಪ, ಅಂದರೆ ಎಮಲ್ಷನ್ ತೊಳೆಯುವಾಗ ಆ ಬಾಗು ಕಿತ್ತುಕೊಂಡು ಬರುವುದಿಲ್ಲ. ಅವರ ಹೆಸರಿನದೇ 'ಬೆಸ್ಲಿ' ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ ಸಿಗುತ್ತದೆ. ನನಗೆ ಅದು ಮುಖ್ಯ, ಅಲ್ವಾ!

ಅದರಲ್ಲೂ ಒಂದು ಸಲ ಬಿದ್ದೆ. ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಬ್ಲ್ಯಾಕ್ ಅನ್ನುವ ಅತಿ ದಪ್ಪದ ರೂಪ ಹಾಕಿದೆ. ಇಂಗ್ಲಿಷಿನ ಸಣ್ಣ ಎ, ಸಣ್ಣ ಇ ಎರಡರ ಕಣ್ಣೂ ಇಂಕಿನಲ್ಲಿ ಮುಚ್ಚಿಹೋದವು. 60 ಚೀಲ ದಂಡ. ಈಗ ಬೋಲ್ಡ್‌ಗೆ ಇಳಿದಿದ್ದೇನೆ, ಅಕ್ಷರಗಳ ನಡುವೆ ಜಾಗ ಬಿಡುತ್ತೇನೆ. ಎಷ್ಟು ಬಿಡುತ್ತೇನೆ, ಇಂಕಿಗೆ ಥಿನ್ನರ್ ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ.

ಜೊತೆಗೆ ಕನ್ನಡಕ್ಕೆ ನೋಟೋ ಸೆರಿಫ್ ಅನ್ನುವ ಫಾಂಟ್. ಇಂಗ್ಲಿಷ್ ಬೋಲ್ಡ್ ಅಂತ ಕನ್ನಡವನ್ನೂ ಬೋಲ್ಡ್ ಮಾಡಿದರೆ ಕೆಟ್ಟಿರಿ. 'ಲಕ್ಷ್ಮೀ'ಯ ಒತ್ತುಗಳೆಲ್ಲ ಒಂದೇ ಮುದ್ದೆ. ಕನ್ನಡ ಸೆಮಿಬೋಲ್ಡ್‌ನಲ್ಲಿರಲಿ, ಅಳತೆ ಸ್ವಲ್ಪ ದೊಡ್ಡದಿರಲಿ. ಆಗ ಎರಡೂ ಒಂದೇ ತೂಕದವು ಅನ್ನಿಸುತ್ತವೆ. ಇದು ಗೊತ್ತಾಗಲು ನಾಲ್ಕು ಸ್ಕ್ರೀನ್ ಹಾಳಾದವು.

ಕೆಲಸವಿಲ್ಲದ ಒಂದು ಮಧ್ಯಾಹ್ನ ಇದೇ ಬೆಸ್ಲಿ ಅಕ್ಷರವನ್ನು ವಿನೈಲ್‌ನಲ್ಲಿ ಕತ್ತರಿಸಿ ಗೆಳೆಯನ ಆಟೋ ಹಿಂದೆ ಅಂಟಿಸಿದೆ. ಒಂದು ಮಳೆಗಾಲ ಕಳೆದರೂ ಪಾದದ ತುದಿ ಎದ್ದಿಲ್ಲ. ಪಕ್ಕದಲ್ಲೇ ಅಂಟಿಸಿದ್ದ ಬೊಡೋನಿ ಎರಡು ತಿಂಗಳಿಗೇ ಸಿಪ್ಪೆ ಸುಲಿಯಿತು.

ಸೆಣಬಿನ ಚೀಲ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಅಕ್ಷರದ ಎತ್ತರ ಒಂದು ಇಂಚಿಗಿಂತ ಕಡಿಮೆಯಾದರೆ ಬೆಸ್ಲಿಯೂ ಒದ್ದಾಡುತ್ತದೆ. ಅಂಥ ಆರ್ಡರ್ ಬಂದರೆ ಸದ್ಯಕ್ಕೆ ಬರೀ ಗಣಪತಿ ಚಿತ್ರ ಹೊಡೆದು ಕೊಡುತ್ತಿದ್ದೇನೆ.