ಕಾಡು ಸೇರಿದ ರೇಸ್ ಟ್ರ್ಯಾಕಿನಲ್ಲಿ ಹೆಸರು ಹುಡುಕಿದ್ದು

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಹಿಲ್ಸ್‌ಬರೋ ಅಂತ ಒಂದು ಸಣ್ಣ ಊರಿದೆ. ನಾವಿರುವ ಕ್ಯಾರಿಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೂ ಆಗುವುದಿಲ್ಲ. ಆ ಊರಿನ ಅಂಚಿನಲ್ಲಿ ಈನೋ ನದಿ. ದಂಡೆಯಲ್ಲಿ ಕಾಡು. ಮಕ್ಕಳನ್ನು ಕರೆದುಕೊಂಡು ಸುಮ್ನೆ ನಡೆಯೋಣ ಅಂತ ಮೊದಲ ಸಲ ಅಲ್ಲಿಗೆ ಹೋಗಿದ್ದೆ. ಪೈನ್ ಮರಗಳ ನಡುವೆ ದಾರಿ ಇದ್ದಕ್ಕಿದ್ದಂತೆ ಅಗಲವಾಯಿತು. ಎಡಕ್ಕೆ ತಿರುಗಿತು, ತಿರುಗುತ್ತಲೇ ಹೋಯಿತು. ಒಂದು ಕಡೆ ಗುಡ್ಡದ ಇಳಿಜಾರಿನಲ್ಲಿ ಸಾಲಾಗಿ ಕಾಂಕ್ರೀಟ್ ಮೆಟ್ಟಿಲುಗಳಿದ್ದವು. ಮೇಲೆಲ್ಲ ಪಾಚಿ, ಒಣಗಿದ ಎಲೆ. ಕಾಡಿನ ಮಧ್ಯೆ ಇಷ್ಟು ಮೆಟ್ಟಿಲು ಯಾಕೆ ಅಂತ ಮಗಳು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಅದು ಒಕೊನೀಚಿ ಸ್ಪೀಡ್‌ವೇ. ಅಮೆರಿಕದ ದೊಡ್ಡ ಕಾರ್ ರೇಸ್ ಸಂಸ್ಥೆ ನಾಸ್ಕಾರ್ ಕಟ್ಟಿದ ಬಿಲ್ ಫ್ರಾನ್ಸ್ 1947ರಲ್ಲಿ ಮಾಡಿಸಿದ ಮಣ್ಣಿನ ಟ್ರ್ಯಾಕ್. ಅದಕ್ಕೂ ಮೊದಲು ಆ ಜಮೀನಿನಲ್ಲಿ ಕುದುರೆ ಓಡಿಸುತ್ತಿದ್ದರು. ಕಾರುಗಳಿಗೆ ಹಾಕಿದ ಸುತ್ತು 0.9 ಮೈಲಿ, ಅಂದರೆ ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರ್. ಆಮೇಲೆ 1954ರಲ್ಲಿ ಆರೆಂಜ್ ಸ್ಪೀಡ್‌ವೇ ಅಂತ ಹೆಸರು ಬದಲಾಯಿತು. ಕೊನೆಯ ರೇಸ್ ನಡೆದದ್ದು 1968ರ ಸೆಪ್ಟೆಂಬರ್ 15ರಂದು. ಗೆದ್ದವರು ನಾಸ್ಕಾರಿನ ಹೆಸರಾಂತ ಡ್ರೈವರ್ ರಿಚರ್ಡ್ ಪೆಟ್ಟಿ. ಭಾನುವಾರದ ರೇಸಿಗೆ ಊರಿನ ಚರ್ಚಿನವರ ವಿರೋಧ ಇತ್ತು. ಬಿಲ್ ಫ್ರಾನ್ಸ್ ಅಲಬಾಮಾ ರಾಜ್ಯದ ಟ್ಯಾಲಡೇಗಾದಲ್ಲಿ ದೊಡ್ಡ ಟ್ರ್ಯಾಕ್ ಕಟ್ಟಿಸಿದರು. ಇಲ್ಲಿ ಮರ ಬೆಳೆಯಿತು.

ನಾನು ಹುಟ್ಟಿ ಬೆಳೆದದ್ದು ಚಿಕ್ಕಮಗಳೂರಿನ ಕಡೆ. ಕಾಫಿ ತೋಟದ ರಸ್ತೆಯಲ್ಲಿ ರ‍್ಯಾಲಿ ಕಾರು ಬರುತ್ತದೆ ಅಂದರೆ ಬೆಳಿಗ್ಗೆಯೇ ಬೇಲಿ ಹತ್ತಿ ಕೂತು ಕಾಯುತ್ತಿದ್ದೆವು. ಕಾರು ಹೋದ ಮೇಲೆ ಹಲ್ಲಿನಲ್ಲೂ ಕೆಂಪು ಧೂಳು. ಈ ಹಿಲ್ಸ್‌ಬರೋದ ಮಣ್ಣೂ ಅದೇ ಬಣ್ಣ. ಮಳೆ ಬಂದ ಮಾರನೇ ದಿನ ಶೂ ತೊಳೆಯುವಾಗ ನನಗೆ ಊರು ನೆನಪಾಗುತ್ತದೆ. ಇದಕ್ಕೇ ಇರಬೇಕು, ಈ ಜಾಗ ನನ್ನನ್ನು ಬಿಡಲಿಲ್ಲ.

ಮೊದಲು ನಾನು ಮಾಡಿದ ಕೆಲಸ ನಡೆಯುವುದು. ಒಂದು ಸುತ್ತು ಪೂರ್ತಿ ಹಾಕಲು ನನಗೆ ಇಪ್ಪತ್ತು ನಿಮಿಷ ಬೇಕು. ಗಂಟೆಗೆ 80 ಮೈಲಿ ವೇಗದ ಕಾರಿಗೆ 40 ಸೆಕೆಂಡ್ ಸಾಕು. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ತಿರುವಿನಲ್ಲಿ ನಿಂತು ನೋಡಿ, ಆ ಕಡೆ ಮರಗಳ ಸಂದಿಯಲ್ಲಿ ನದಿ ಕಾಣುತ್ತದೆ. ಓಡಿಸಿದವರ ಧೈರ್ಯ ನನಗೆ ಅರ್ಥವಾಗಿದ್ದು ಅಲ್ಲಿ, ಪುಸ್ತಕ ಓದಿ ಅಲ್ಲ.

ಆಮೇಲೆ ಲೈಬ್ರರಿ. ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ತಿರುಗಿಸುತ್ತಾ ಎಷ್ಟೋ ಶನಿವಾರ ಕಳೆದೆ. ಇಲ್ಲಿ ನಾಸ್ಕಾರಿನ ದೊಡ್ಡ ರೇಸ್ ಮೊದಲ ಸಲ ನಡೆದದ್ದು 1949ರ ಆಗಸ್ಟ್ 7ರಂದು. ಆ ವರ್ಷ ಅಂಗಡಿಯಲ್ಲಿ ಸಿಗುವಂಥ ಕಾರನ್ನೇ ಓಡಿಸಬೇಕು ಅನ್ನುವ ನಿಯಮದಲ್ಲಿ ಎಂಟು ರೇಸ್ ನಡೆದವು. ಇದು ಮೂರನೆಯದು. ಓಲ್ಡ್ಸ್‌ಮೊಬೈಲ್ ಓಡಿಸಿದ ಬಾಬ್ ಫ್ಲಾಕ್ ಗೆದ್ದರು. ಅವರ ತಮ್ಮಂದಿರಾದ ಫಾಂಟಿ, ಟಿಮ್, ಅಕ್ಕ ಎಥೆಲ್, ಎಲ್ಲರೂ ರೇಸಿನವರೇ. ಅದೇ ರೇಸಿನಲ್ಲಿ ಲೂಯೀಸ್ ಸ್ಮಿತ್ ಅನ್ನುವ ಹೆಂಗಸೂ ಕಾರು ಓಡಿಸಿದ್ದರು. 1949ರಲ್ಲಿ! ಅವರ ಹೆಸರು ಓದಿದ ದಿನ ಮನೆಗೆ ಬಂದು ಮಗಳಿಗೆ ಮೊದಲು ಹೇಳಿದೆ.

ಗೆದ್ದವರ ಹೆಸರು ಎಲ್ಲಿ ಬೇಕಾದರೂ ಸಿಗುತ್ತದೆ. ಹನ್ನೆರಡನೆಯವರು, ಇಪ್ಪತ್ತನೆಯವರು, ಇಂಜಿನ್ ಕೆಟ್ಟು ಅರ್ಧಕ್ಕೇ ನಿಂತವರು, ಅವರ ಹೆಸರು ಬರೆದಿಡಬೇಕು ಅಂತ ನನಗೆ ಅನಿಸಿತು. ಅಷ್ಟು ಕಾರು ಇಲ್ಲದೆ ರೇಸ್ ಆಗುವುದಿಲ್ಲ, ಅಲ್ವಾ? ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಡ್ರೈವರಿಗೆ ಒಂದೊಂದು ಪುಟ ಇಟ್ಟೆ. ಊರು, ಕಾರು, ನಂಬರ್, ಯಾವ ರೇಸ್, ಯಾಕೆ ನಿಂತರು.

ಆ ನೋಟ್‌ಬುಕ್ಕಿನಲ್ಲಿ ನಾನು ಜಾಸ್ತಿ ತಿರುವಿ ನೋಡುವ ಪುಟ ವೆಂಡೆಲ್ ಸ್ಕಾಟ್ ಅವರದ್ದು. ವರ್ಜೀನಿಯಾದ ಡ್ಯಾನ್‌ವಿಲ್ಲಿನವರು, ಇಲ್ಲಿಂದ ಹೆಚ್ಚು ದೂರವಿಲ್ಲ. ಕಪ್ಪು ಜನರಿಗೆ ರೇಸಿನಲ್ಲಿ ಜಾಗವೇ ಇಲ್ಲದ ಕಾಲ ಅದು. ತಮ್ಮ ಕಾರು ತಾವೇ ರಿಪೇರಿ ಮಾಡಿಕೊಂಡು, ರೇಸಿನ ನಡುವೆ ಕಾರು ನಿಲ್ಲಿಸಿ ಟೈರ್, ಪೆಟ್ರೋಲ್ ನೋಡಿಕೊಳ್ಳುವ ಪಿಟ್ಟಿನಲ್ಲಿ ಮಕ್ಕಳನ್ನೇ ನಿಲ್ಲಿಸಿಕೊಂಡು ಊರೂರು ತಿರುಗಿದರು. ಹಿಲ್ಸ್‌ಬರೋದಲ್ಲೂ ಓಡಿಸಿದರು. 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್ಲಿನಲ್ಲಿ ಗೆದ್ದಾಗ, ಗೆಲುವಿನ ಬಾವುಟ ಬೀಸಿದ್ದು ಇನ್ನೊಬ್ಬರಿಗೆ. ತಾಸುಗಳ ನಂತರ, ಜನ ಮನೆಗೆ ಹೋದ ಮೇಲೆ, ಗೆದ್ದವರು ಸ್ಕಾಟ್ ಎಂದು ಒಪ್ಪಿದರು. ಅವರು 1990ರಲ್ಲಿ ತೀರಿಕೊಂಡರು. ಆ ಗೆಲುವಿನ ಟ್ರೋಫಿ ಅವರ ಮನೆಯವರ ಕೈ ಸೇರಿದ್ದು 2021ರಲ್ಲಿ. ಈ ಪುಟ ಬರೆಯುವಾಗ ನನಗೆ ತುಂಬಾ ಹೊತ್ತು ಹಿಡಿಯಿತು.

ಕಷ್ಟವಾದದ್ದು ಹಳಬರನ್ನು ಮಾತಾಡಿಸುವ ಕೆಲಸ. ರೇಸ್ ನೋಡಿದ್ದ ಒಬ್ಬ ಅಜ್ಜ ಪರಿಚಯವಾದರು. ಮೊದಲ ದಿನ ಅವರ ಮನೆಯಲ್ಲಿ ಫೋನನ್ನು ರೆಕಾರ್ಡಿಗೆ ಇಟ್ಟು, "ಪೆಟ್ಟಿಯವರನ್ನು ನೋಡಿದ್ದೀರಾ?" ಅಂತ ಕೇಳಿದೆ. "ಹೂಂ, ನೋಡಿದ್ದೀನಿ" ಅಂದರು. ಅಷ್ಟೇ, ಮಾತು ಮುಗಿಯಿತು. ಕೇಳಿದ್ದು ತಪ್ಪಾಯಿತು ಅಂತ ಗೊತ್ತಾಯಿತು. ಎರಡನೇ ಸಲ ಅವರನ್ನು ಟ್ರ್ಯಾಕಿಗೇ ಕರೆದುಕೊಂಡು ಹೋದೆ. ಫೋನು ಜೇಬಿನಲ್ಲೇ ಇತ್ತು. ಮೆಟ್ಟಿಲ ಹತ್ತಿರ ಬಂದಾಗ, "ನೀವು ಎಲ್ಲಿ ಕೂರುತ್ತಿದ್ದಿರಿ?" ಅಂದೆ.

ಅವರು ಊರುಗೋಲಿನಿಂದ ಎಲೆ ಸರಿಸಿದರು. ಒಂದು ಮೆಟ್ಟಿಲ ಮೇಲೆ ಕೈಯಿಟ್ಟು, "ಇಲ್ಲ, ಇನ್ನೂ ಎರಡು ಮೇಲೆ" ಅಂದರು. ಹತ್ತಿದರು, ಕೂತರು. ಆಮೇಲೆ ನಾನು ಕೇಳುವುದೇ ಬೇಕಾಗಲಿಲ್ಲ. ಅಮ್ಮ ಕಟ್ಟಿಕೊಡುತ್ತಿದ್ದ ಕರಿದ ಕೋಳಿ ಅರ್ಧ ರೇಸಿನೊಳಗೆ ಕೆಂಪಗಾಗಿರುತ್ತಿತ್ತಂತೆ, ಅಷ್ಟು ಧೂಳು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದು ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದರಂತೆ. ಅವರ ಬೀದಿಯ ಒಬ್ಬ ಮೆಕ್ಯಾನಿಕ್ ಒಂದೇ ಒಂದು ರೇಸ್ ಓಡಿಸಿ, ರೇಡಿಯೇಟರ್ ಕುದಿದು ನಿಂತುಬಿಟ್ಟನಂತೆ. ಆ ರಾತ್ರಿ ಬೀದಿಯವರೆಲ್ಲ ಅವನ ಗ್ಯಾರೇಜಿಗೆ ಹೋಗಿ ಕಾರು ಮುಟ್ಟಿ ನೋಡಿ ಬಂದರಂತೆ. ಅವನ ಹೆಸರು ಹೇಳುವಾಗ ಅಜ್ಜನ ಧ್ವನಿ ಬೇರೆಯಾಯಿತು. ಪೆಟ್ಟಿಯವರ ಬಗ್ಗೆ ಹೇಳುವಾಗ ಹಾಗೆ ಆಗಿರಲಿಲ್ಲ.

ಅಂದಿನಿಂದ ನನ್ನ ಕ್ರಮ ಇದೇ. ಹಳಬರನ್ನು ಮೆಟ್ಟಿಲಿಗೆ ಕರೆದುಕೊಂಡು ಬರುತ್ತೇನೆ. ಎಲ್ಲಿ ಕೂತಿರಿ, ಯಾರ ಜೊತೆ ಬಂದಿರಿ, ಏನು ತಿಂದಿರಿ ಅಂತ ಮಾತ್ರ ಕೇಳುತ್ತೇನೆ. ಮನೆಗೆ ಬಂದ ರಾತ್ರಿಯೇ ಎಲ್ಲ ಬರೆದಿಡುತ್ತೇನೆ, ಮಾರನೇ ದಿನಕ್ಕೆ ಇಟ್ಟರೆ ಮಾತಿನ ರುಚಿ ಹೋಗುತ್ತದೆ. ಆಮೇಲೆ ಮೈಕ್ರೋಫಿಲ್ಮಿನ ಜೊತೆ ಹೋಲಿಸುತ್ತೇನೆ. ನೆನಪಿನ ವರ್ಷ ಒಂದೆರಡು ಆಚೀಚೆ ಆಗಿರುತ್ತದೆ. ಕಾರಿನ ಬಣ್ಣ ಮಾತ್ರ ಯಾರೂ ಮರೆತಿರುವುದಿಲ್ಲ.

ಈ ಜಾಗ 2002ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಜಾಗಕ್ಕೆ ಒಂದು ಗುರುತು ಸಿಕ್ಕಿತು ಅನ್ನುವ ಸಮಾಧಾನ ನನಗಿದೆ. ಆದರೆ ಮೆಟ್ಟಿಲ ಮೇಲೆ ಕೂತಿದ್ದವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ಆ ಮೆಕ್ಯಾನಿಕ್‌ನ ಹೆಸರು ಮಾತ್ರ ಪತ್ರಿಕೆಯಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಅವನ ಮಗಳು ಪಕ್ಕದ ಡರ್ಹಮ್‌ನಲ್ಲಿ ಇದ್ದಾರೆ ಅಂತ ಅಜ್ಜ ಹೇಳಿದರು. ಮನೆಯಲ್ಲಿ ಕಾರಿನ ಒಂದು ಫೋಟೋ ಇದೆಯಂತೆ. ಶನಿವಾರ ಬನ್ನಿ ಅಂದಿದ್ದಾರೆ.