ಇಮ್ಯಾಕ್ಯುಲೇಟ್ ಹಾರ್ಟ್ ಕಾಲೇಜಿನ ಅರವತ್ತರ ದಶಕವನ್ನು ನಾನು ಕಲಿಸಿದ ಬಗೆ

ನಮ್ಮ ಚಿತ್ರಕಲಾ ವಿಭಾಗದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಪಾಠ ನನ್ನ ಪಾಲಿಗೆ ಬಂದಾಗ ಅದನ್ನು ಬರೀ ಕೈಕೆಲಸವಾಗಿ ಕಲಿಸಲು ಮನಸ್ಸು ಒಪ್ಪಲಿಲ್ಲ. ಲಗ್ನಪತ್ರಿಕೆ, ಬಟ್ಟೆ ಬ್ಯಾನರು, ಟೀ ಶರ್ಟು ಮುದ್ರಿಸುವ ಈ ಅಗ್ಗದ ವಿದ್ಯೆಯನ್ನೇ ಹಿಡಿದು ಲಾಸ್ ಏಂಜಲೀಸಿನ ಒಂದು ಕ್ಯಾಥೊಲಿಕ್ ಮಹಿಳಾ ಕಾಲೇಜು ತನ್ನ ಕಾಲಕ್ಕೆ ಎದುರು ನಿಂತು ಮಾತಾಡಿತ್ತು. ಆ ಕಥೆಯನ್ನು ಹೇಳುತ್ತ, ಅವರು ಕಲಿತ ಕ್ರಮದಲ್ಲೇ ನಮ್ಮ ಹುಡುಗಿಯರೂ ಕಲಿಯಲಿ ಎಂದು ಒಂದು ಸೆಮಿಸ್ಟರಿನ ಪಾಠ ಕಟ್ಟಿದೆ.

ಹಾಲಿವುಡ್ ಬೆಟ್ಟದ ತಪ್ಪಲಲ್ಲಿದ್ದ ಇಮ್ಯಾಕ್ಯುಲೇಟ್ ಹಾರ್ಟ್ ಕಾಲೇಜನ್ನು ಅದೇ ಹೆಸರಿನ ಕನ್ಯಾಸ್ತ್ರೀಯರ ಸಂಘ ನಡೆಸುತ್ತಿತ್ತು. ಸ್ಪೇನಿನಲ್ಲಿ ಹುಟ್ಟಿ, 1871ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆನಿಂತ ಸಂಘ ಅದು. ಅಲ್ಲಿ ಚಿತ್ರಕಲೆ ಕಲಿಸುತ್ತ ಸ್ಕ್ರೀನ್ ಪ್ರಿಂಟ್ ಮಾಡುತ್ತಿದ್ದ ಸಿಸ್ಟರ್ ಕೊರಿಟಾ ಕೆಂಟ್ ಹೆಸರು ಇವತ್ತು ಕಲಾಲೋಕಕ್ಕೆ ಪರಿಚಿತ. ಆದರೆ ಅವರೊಬ್ಬರನ್ನೇ ಎತ್ತಿ ತೋರಿಸುವ ಪಾಠ ನನಗೆ ಬೇಕಿರಲಿಲ್ಲ. ಅವರಿಗಿಂತ ಮುಂಚೆ ಕಲಾ ವಿಭಾಗವನ್ನು ಕಟ್ಟಿ ಬೆಳೆಸಿದ ಸಿಸ್ಟರ್ ಮ್ಯಾಗ್ಡಲೆನ್ ಮೇರಿ ಇದ್ದರು. ಸಂಘದ ಮುಖ್ಯಸ್ಥೆಯಾಗಿದ್ದ ಅನಿಟಾ ಕ್ಯಾಸ್ಪರಿ ಇದ್ದರು. ರಟ್ಟಿನ ಪೆಟ್ಟಿಗೆಗಳಿಗೆ ಬಣ್ಣ ಬಳಿದ, ಹೆಸರು ಉಳಿಯದ ನೂರಾರು ವಿದ್ಯಾರ್ಥಿನಿಯರಿದ್ದರು. ಅದು ಒಂದು ಸಮುದಾಯದ ಧೈರ್ಯ. ಪಾಠದುದ್ದಕ್ಕೂ ನಾನು ಹಿಡಿದುಕೊಂಡ ದಾರ ಇದೇ.

ಮೊದಲ ತರಗತಿಯಲ್ಲೇ ಹುಡುಗಿಯರು ಘೋಷಣೆ ಬರೆಯಲು ಕೂತರು. ಹೆಣ್ಣಿನ ಹಕ್ಕು, ಪರಿಸರ, ಶಾಂತಿ, ಎಲ್ಲವೂ ಸಿದ್ಧ ಸಾಲುಗಳು. ಅವನ್ನೆಲ್ಲ ಬದಿಗಿಡಿ ಎಂದು ಹೇಳಿ, ಹಳೆಯ ಆಹ್ವಾನ ಪತ್ರಿಕೆಯ ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಚೌಕದ ಕಿಂಡಿ ಕತ್ತರಿಸಲು ಹೇಳಿದೆ. ಕೊರಿಟಾ ತಮ್ಮ ವಿದ್ಯಾರ್ಥಿನಿಯರ ಕೈಗೆ ಕೊಟ್ಟದ್ದೂ ಇಂಥದ್ದೇ: ನಡುವೆ ಕಿಂಡಿ ಇರುವ ಒಂದು ಕಾರ್ಡು, ಇಲ್ಲವೇ ಫೋಟೊ ಸ್ಲೈಡಿನ ಖಾಲಿ ಚೌಕಟ್ಟು. ಅದನ್ನು ಕಣ್ಣಿಗೆ ಹಿಡಿದು ಅವರು ಟೈರ್ ಅಂಗಡಿಗೆ, ಕಾರು ತೊಳೆಯುವ ಜಾಗಕ್ಕೆ, ಮಾರುಕಟ್ಟೆಗೆ ಹೋಗಬೇಕಿತ್ತು. ಚಿತ್ರಗಳನ್ನೂ ಪ್ರಶ್ನೆಗಳನ್ನೂ ನೂರರ ಲೆಕ್ಕದಲ್ಲಿ ತರಬೇಕಿತ್ತು. ಮೊದಲ ಹತ್ತಿಪ್ಪತ್ತು ಚಿತ್ರಗಳಲ್ಲಿ ನಮಗೆ ಮೊದಲೇ ಗೊತ್ತಿದ್ದದ್ದು ಮಾತ್ರ ಸಿಗುತ್ತದೆ. ಅದು ಮುಗಿದ ಮೇಲೆ ಕಣ್ಣಿಗೆ ಬೇರೆ ದಾರಿ ಉಳಿಯುವುದಿಲ್ಲ, ಎದುರಿಗಿರುವುದನ್ನು ನೋಡಲೇಬೇಕು. ನಮ್ಮವರನ್ನು ಬಸ್ ನಿಲ್ದಾಣಕ್ಕೆ ಕಳಿಸಿದೆ. ಟಿಕೆಟ್ ತುಣುಕು, ಮಾರ್ಗಸೂಚಿ ಫಲಕದ ಅರ್ಧ ಅಕ್ಷರ, ಹೂ ಮಾರುವವರ ಬುಟ್ಟಿಯ ಅಂಚು, ಶೌಚಾಲಯದ ಗೋಡೆಯ ಅಂಬಿನ ಗುರುತು, ಹೀಗೆ ಬರತೊಡಗಿತು. ಎರಡನೇ ವಾರಕ್ಕೆ ಘೋಷಣೆಗಳ ಮಾತೇ ಇರಲಿಲ್ಲ.

ಆಮೇಲೆ ಬ್ರೆಡ್ಡಿನ ಹೊದಿಕೆಗೆ ಬಂದೆವು. ಕೊರಿಟಾ 1962ರಲ್ಲಿ ವಂಡರ್ ಬ್ರೆಡ್ ಎಂಬ ಅಮೆರಿಕದ ಬ್ರೆಡ್ಡಿನ ಹೊದಿಕೆಯ ಬಣ್ಣದ ಚುಕ್ಕೆಗಳನ್ನು ತೆಗೆದುಕೊಂಡು ಒಂದು ಚಿತ್ರ ಮುದ್ರಿಸಿದರು. ಅಂಗಡಿಯ ರೊಟ್ಟಿಯೂ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿಯೂ ಅಲ್ಲಿ ಒಂದೇ ಹಾಳೆಯ ಮೇಲೆ ಕೂತಿವೆ. ಪಾಪ್ ಕಲಾವಿದ ಆಂಡಿ ವಾರ್ಹೋಲ್ ತಮ್ಮ ಸೂಪ್ ಡಬ್ಬಿಗಳ ಚಿತ್ರಗಳನ್ನು ಲಾಸ್ ಏಂಜಲೀಸಿನಲ್ಲಿ ಪ್ರದರ್ಶಿಸಿದ ವರ್ಷವೂ ಅದೇ. ಆದರೆ ಕೊರಿಟಾ ಅವರ ಚುಕ್ಕೆಗಳ ಹಿಂದೆ ಹಸಿವಿನ ಪ್ರಶ್ನೆ ಇದೆ. ಎರಡು ವರ್ಷದ ನಂತರ ಅದು ಇಡೀ ಕಾಲೇಜಿನ ಪ್ರಶ್ನೆಯಾಯಿತು. ಕಪ್ಪು ನಿಲುವಂಗಿಯಲ್ಲಿ ಗಂಭೀರವಾಗಿ ಸಾಲು ನಡೆಯುತ್ತಿದ್ದ ಮಾತೆ ಮರಿಯಳ ಹಬ್ಬವನ್ನು 1964ರಲ್ಲಿ ಜಾತ್ರೆಯಾಗಿಸಿದರು. ಕನ್ಯಾಸ್ತ್ರೀಯರ ಕೊರಳಲ್ಲಿ ಹೂಮಾಲೆ, ಗೋಡೆಗೆ ದಿನಸಿ ಅಂಗಡಿಯ ಜಾಹೀರಾತು ಹಾಳೆಗಳು. ಜಗತ್ತಿನ ಹಸಿವನ್ನು ನೆನೆಯುವ ಹಬ್ಬ ಅದು.

ಕೆಲಸದ ವಿವರ ಹೇಳುತ್ತೇನೆ, ಮಾಡಿ ನೋಡುವವರಿಗೆ ಬೇಕಾದೀತು. ಕೊರಿಟಾ ಜಾಹೀರಾತಿನ ಹಾಳೆಯನ್ನು ಮುದುಡಿ, ಬಗ್ಗಿಸಿ, ಫೋಟೊ ತೆಗೆದು, ಸೊಟ್ಟಗಾದ ಅಕ್ಷರಗಳನ್ನು ಎತ್ತಿಕೊಳ್ಳುತ್ತಿದ್ದರು. ನಾವು ನಂದಿನಿ ಹಾಲಿನ ಪ್ಯಾಕೆಟ್ ತೊಳೆದು, ಒಣಗಿಸಿ, ಮುದುಡಿ, ಮೊಬೈಲಿನಲ್ಲಿ ಫೋಟೊ ತೆಗೆದು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟು ಪೆನ್ಸಿಲಿನಿಂದ ತಿದ್ದಿಕೊಂಡೆವು. ಜಾಲರಿ ಬಟ್ಟೆ ಬಿಗಿದ ಫ್ರೇಮುಗಳನ್ನು ಲಗ್ನಪತ್ರಿಕೆ ಮುದ್ರಿಸುವ ಅಂಗಡಿಯಿಂದ ಹಳೆಯವು ಕೊಂಡೆ. ಅಕ್ಷರ ಕೊರೆದು ತೆಗೆದ ಹಾಳೆಗೆ, ಅಂದರೆ ಕೊರೆಯಚ್ಚಿಗೆ, ಸಾದಾ ತೆಳು ಕಾಗದ ಸಾಕು: ಇಂಕು ಒತ್ತುವ ರಬ್ಬರ್ ಪಟ್ಟಿಯನ್ನು (ಸ್ಕ್ವೀಜಿ) ಮೊದಲ ಸಲ ಎಳೆದಾಗ ಇಂಕಿನ ಅಂಟಿಗೇ ಕಾಗದ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಕನ್ನಡದ ತೊಡಕು ಇರುವುದು ಅಕ್ಷರದೊಳಗಿನ ಕಣ್ಣುಗಳಲ್ಲಿ. 'ಠ'ದ ಒಳವೃತ್ತ, ಅನುಸ್ವಾರದ ನಡುವಿನ ಚುಕ್ಕೆ ಕೊರೆದ ಕೂಡಲೇ ಬೇರ್ಪಟ್ಟು ಬೀಳುತ್ತವೆ. ಮುದ್ರಿಸುವ ಹಾಳೆಯ ಮೇಲೆ ಅವನ್ನು ಚಿಮುಟದಿಂದ ತಂತಮ್ಮ ಜಾಗದಲ್ಲಿಟ್ಟು, ಫ್ರೇಮು ಅಲುಗದಂತೆ ಇಳಿಸಿ, ಒಂದೇ ಒತ್ತಡದಲ್ಲಿ ಎಳೆಯಬೇಕು. ಒತ್ತಕ್ಷರವನ್ನು ಬೇರೆ ಹಾಳೆಯಲ್ಲಿ ಕೊರೆದು ಎರಡನೇ ಬಣ್ಣವಾಗಿ ಮುದ್ರಿಸಿದರೆ ಇನ್ನೂ ಚೆಂದ. ಇಂಕು ಇಡ್ಲಿ ಹಿಟ್ಟಿನ ಹದದಲ್ಲಿರಲಿ. ತೆಳುವಾದರೆ ಕಾಗದದಡಿ ನುಗ್ಗಿ ಅಂಚು ಕಲಸುತ್ತದೆ.

ಕೈ ಪಳಗಿದ ಮೇಲೆ ಸುದ್ದಿಗೆ ಬಂದೆ. 1965ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಎಂಬ ಕಪ್ಪು ಜನರ ಬಡಾವಣೆ ಹೊತ್ತಿ ಉರಿಯಿತು. ಪೊಲೀಸರು ರಸ್ತೆಯಲ್ಲಿ ಒಬ್ಬ ಯುವಕನನ್ನು ಹಿಡಿದದ್ದರಿಂದ ಶುರುವಾದ ದಂಗೆಯಲ್ಲಿ 34 ಮಂದಿ ಸತ್ತರು. ಕೊರಿಟಾ ಆಗಸ್ಟ್ 14ರ ಲಾಸ್ ಏಂಜಲೀಸ್ ಟೈಮ್ಸ್ ಮುಖಪುಟವನ್ನೇ ಎತ್ತಿ ಮುದ್ರಿಸಿದರು. ಜೊತೆಗೆ ಕೆಂಪು ಬಣ್ಣದ ಮೇಲೆ ತಮ್ಮ ಕೈಬರಹದಲ್ಲಿ, ಅಲಬಾಮಾ ರಾಜ್ಯದ ಸೆಲ್ಮಾ ಊರಿನಲ್ಲಿ ಕಪ್ಪು ಜನರ ಪರ ನಿಂತ ಪಾದ್ರಿ ಮಾರಿಸ್ ವೆಲೆಟ್ ಅವರ ಮಾತು. ಚಿತ್ರದ ಹೆಸರು 'ನನ್ನ ಜನ'. ನಾನು ಹುಡುಗಿಯರಿಗೆ ಕೇಳಿದ್ದು ಇಷ್ಟೇ: ಯಾವ ಮುಖಪುಟದಲ್ಲಿ ನಿಮ್ಮ ಜನ ಇದ್ದಾರೆ?

ಒಬ್ಬಳು ಗ್ರಂಥಾಲಯದಿಂದ 2016ರ ಏಪ್ರಿಲಿನ ಪತ್ರಿಕೆ ಹುಡುಕಿ ತಂದಳು. ಭವಿಷ್ಯನಿಧಿ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರ್ತಿಯರು ಬೀದಿಗಿಳಿದು, ಸರ್ಕಾರ ಆ ನಿಯಮ ಹಿಂಪಡೆದ ಸುದ್ದಿ. ಅವಳ ತಾಯಿ ಆವತ್ತು ಆ ಗುಂಪಿನಲ್ಲಿದ್ದರು. ಮುಖಪುಟವನ್ನು ಕಪ್ಪಿನಲ್ಲಿ ಮುದ್ರಿಸಿ, ಕೆಳಗೆ ತಾಯಿ ಹೇಳಿದ್ದನ್ನು ತಾಯಿಯ ಕೈಯಲ್ಲೇ ಬರೆಸಿ, ಆ ಬರಹವನ್ನು ಹಾಗೇ ಕೊರೆಯಚ್ಚಾಗಿಸಿದಳು. ಸಂಬಳದ ಚೀಟಿಗೆ ಸಹಿ ಮಾಡಿ ರೂಢಿಯಾದ ಆ ಅಕ್ಷರಗಳ ಓಟ ಯಾವ ಕಲಾವಿದೆಗೂ ಬರುವಂಥದ್ದಲ್ಲ. ಬಸ್ ನಿಲ್ದಾಣದಲ್ಲಿ ವಾರಗಟ್ಟಲೆ ಕಿಂಡಿ ಹಿಡಿದು ನಿಂತಿರದಿದ್ದರೆ ತಾಯಿಯ ಬರಹವನ್ನು ಅವಳು ಚಿತ್ರವಾಗಿ ಕಾಣುತ್ತಿರಲಿಲ್ಲ ಎಂಬುದು ನನ್ನ ಖಚಿತ ನಂಬಿಕೆ.

ಇಲ್ಲಿಗೇ ಪಾಠ ಮುಗಿಸುವವರಿದ್ದಾರೆ. ಚಿತ್ರಗಳಿಗೆ ತೆತ್ತ ಬೆಲೆಯನ್ನು ಹೇಳದೆ ಅವನ್ನು ತೋರಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಕ್ಯಾಥೊಲಿಕ್ ಚರ್ಚಿನ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದು, ಪ್ರತಿ ಸಂಘವೂ ತನ್ನ ಬದುಕಿನ ರೀತಿಯನ್ನು ಮರುಪರಿಶೀಲಿಸಲಿ ಎಂದು ಹೇಳಿತು. ಈ ಸಿಸ್ಟರುಗಳು ಆ ಮಾತನ್ನು ಪೂರ್ತಿ ನಂಬಿದರು. ಪ್ರಾರ್ಥನೆಯ ಹೊತ್ತು, ಉಡುಪು, ಕೆಲಸ ಇವನ್ನು ಸಿಸ್ಟರುಗಳೇ ನಿರ್ಧರಿಸಿಕೊಳ್ಳಬಹುದು, ಸರಿಯಾದ ತರಬೇತಿ ಇಲ್ಲದವರನ್ನು ಪಾಠಕ್ಕೆ ಕಳಿಸಬಾರದು ಎಂದು 1967ರಲ್ಲಿ ಸಭೆ ಸೇರಿ ತೀರ್ಮಾನಿಸಿದರು. ಲಾಸ್ ಏಂಜಲೀಸಿನ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಜೇಮ್ಸ್ ಮ್ಯಾಕಿಂಟೈರ್ ಒಪ್ಪಲಿಲ್ಲ. ಒಂದೇ ಬಗೆಯ ಉಡುಪು, ದಿನವೂ ಒಟ್ಟಾಗಿ ಬಲಿಪೂಜೆ, ಶಿಕ್ಷಣದ ಕೆಲಸ, ಬಿಷಪರ ಜೊತೆ ಸಹಕಾರ, ಈ ನಾಲ್ಕನ್ನು ರೋಮಿನಲ್ಲಿರುವ ಚರ್ಚಿನ ಆಡಳಿತ ಕಡ್ಡಾಯ ಮಾಡಿತು. ಕೊರಿಟಾ 1968ರಲ್ಲಿ ಸಂಘ ಬಿಟ್ಟು ಬಾಸ್ಟನ್ನಿಗೆ ಹೋದರು. 1970ರಲ್ಲಿ ಮುನ್ನೂರಕ್ಕೂ ಹೆಚ್ಚು ಸಿಸ್ಟರುಗಳು ತಮ್ಮ ವ್ರತಗಳಿಂದ ಬಿಡುಗಡೆ ಪಡೆದು, ಅನಿಟಾ ಕ್ಯಾಸ್ಪರಿ ಅವರ ಮುಂದಾಳತ್ವದಲ್ಲಿ ಇಮ್ಯಾಕ್ಯುಲೇಟ್ ಹಾರ್ಟ್ ಕಮ್ಯೂನಿಟಿ ಎಂಬ ಸ್ವತಂತ್ರ ಸಮುದಾಯ ಕಟ್ಟಿಕೊಂಡರು. ಕಾಲೇಜು ಎಂಬತ್ತರ ದಶಕದ ಆರಂಭದ ಹೊತ್ತಿಗೆ ಮುಚ್ಚಿತು. ಅದೇ ಹೆಸರಿನ ಹೆಣ್ಣುಮಕ್ಕಳ ಹೈಸ್ಕೂಲು ಇವತ್ತಿಗೂ ನಡೆಯುತ್ತಿದೆ.

ಈ ಭಾಗಕ್ಕೆ ನಾನು ಉಪನ್ಯಾಸ ಇಟ್ಟುಕೊಳ್ಳುವುದಿಲ್ಲ. ಆ ನಾಲ್ಕು ಷರತ್ತುಗಳನ್ನು ನಾಲ್ಕು ಹಾಳೆಗಳಲ್ಲಿ ಮುದ್ರಿಸಿ, ಎದುರು ಗೋಡೆಗೆ ಸಿಸ್ಟರುಗಳ ತೀರ್ಮಾನಗಳನ್ನು ಅಂಟಿಸಿ, ಹುಡುಗಿಯರನ್ನು ನಡುವೆ ಕೂರಿಸುತ್ತೇನೆ. ಈ ವರ್ಷ ಒಬ್ಬಳು, "ಮೇಡಂ, ಷರತ್ತು ಒಪ್ಪಿ ಒಳಗೇ ಉಳಿದವರೂ ಇದ್ದರಲ್ಲ, ಅವರಿಗೆ ಧೈರ್ಯ ಇರಲಿಲ್ಲ ಅಂತಲಾ?" ಎಂದು ಕೇಳಿದಳು. ಒಂದು ಚಿಕ್ಕ ಗುಂಪು ಹಾಗೆ ಉಳಿದದ್ದು ನಿಜ. ಜೀವಮಾನದ ವ್ರತವನ್ನು ಬಿಡುವುದೂ ಸುಲಭವಲ್ಲ, ಜೊತೆಗಾತಿಯರೆಲ್ಲ ಹೊರಟ ಮೇಲೆ ಉಳಿಯುವುದೂ ಸುಲಭವಲ್ಲ ಎಂದೆ. ಅವಳಿಗೆ ಆ ಉತ್ತರ ಸಾಲಲಿಲ್ಲ. ಉಳಿದವರ ಬಗ್ಗೆಯೇ ಒಂದು ಪ್ರಿಂಟ್ ಮಾಡುತ್ತೇನೆ ಎಂದು ಫ್ರೇಮು ತೆಗೆದುಕೊಂಡು ಹೋಗಿದ್ದಾಳೆ.